ಯಾವ ಸ್ನಾಯು ಮುಟ್ಟುತ್ತೀರಿ ಎಂದು ಮೊದಲೇ ಕೇಳಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್‌ನಿಂದಾಗಿ ಸ್ತನ ತೆಗೆಸಿಕೊಂಡವರಿಗೆ ಮರುನಿರ್ಮಾಣದ ಆಯ್ಕೆಗಳೇನು ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆವು. ಇಂಪ್ಲಾಂಟಿನ (ಸ್ತನದ ಆಕಾರಕ್ಕೆಂದು ಒಳಗಿಡುವ ಕೃತಕ ಚೀಲ) ಬಗೆಗಳು, ಖರ್ಚು, ಗಾಯದ ಗುರುತು ಎಲ್ಲವೂ ಅದರಲ್ಲಿತ್ತು. ತೋಳಿನ ಮಾತು ಮಾತ್ರ ಎಲ್ಲೂ ಇರಲಿಲ್ಲ. ಆಪರೇಷನ್ ಆಗಿ ಮೂರು ತಿಂಗಳಿಗೆ ಫಿಸಿಯೋಥೆರಪಿ ವಿಭಾಗಕ್ಕೆ ಬರುವವರು ಆಕಾರದ ಬಗ್ಗೆ ಹೇಳುವುದು ಕಡಿಮೆ. ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ, ಬಸ್ಸಿನ ಮೇಲಿನ ಕಂಬಿ ಹಿಡಿದರೆ ಕಂಕುಳು ಹರಿದಂತಾಗುತ್ತದೆ, ಬಟ್ಟೆ ಒಣಹಾಕುವ ತಂತಿಗೆ ಕೈ ಎಟುಕುತ್ತಿಲ್ಲ ಎನ್ನುತ್ತಾರೆ. ಮರುನಿರ್ಮಾಣದ ವಿಧಾನ ಆರಿಸುವಾಗ ರಟ್ಟೆಯ ಬಲದಲ್ಲಿ ಯಾವ ಪಾಲನ್ನು ಬಿಟ್ಟುಕೊಡುತ್ತೇವೆ ಎನ್ನುವುದೂ ತೀರ್ಮಾನವಾಗಿಬಿಡುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾದರೂ ಇರಲಿ.

ಸ್ತನದ ಜೊತೆ ಎದೆಯ ಸ್ನಾಯುವೂ ಹೋಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಒಂದು ಕಾಲಕ್ಕೆ ಹೋಗುತ್ತಿದ್ದದ್ದು ನಿಜ. ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನ, ಅದರಡಿಯ ದೊಡ್ಡ ಸ್ನಾಯು, ಕಂಕುಳಿನ ದುಗ್ಧರಸ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಬದುಕಿದವರ ಎದೆ ಗುಳಿಬಿದ್ದು ಪಕ್ಕೆಲುಬು ಕಾಣುತ್ತಿತ್ತು. 1948ರಲ್ಲಿ ಲಂಡನ್ನಿನ ಪೇಟಿ ಆ ದೊಡ್ಡ ಸ್ನಾಯುವನ್ನು ಉಳಿಸಿಯೇ ಆಪರೇಷನ್ ಮಾಡುವ ಕ್ರಮವನ್ನು ಪ್ರಕಟಿಸಿದರು. ನಮ್ಮ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ‘ಎಂಆರ್‌ಎಂ’ (ಮಾಡಿಫೈಡ್ ರ್ಯಾಡಿಕಲ್ ಮಾಸ್ಟೆಕ್ಟಮಿ) ಎಂದು ಬರೆಯುವುದು ಅದರ ಮುಂದುವರಿದ ರೂಪ. ಇದರಲ್ಲಿ ಪೆಕ್ಟೊರಾಲಿಸ್ ಮೇಜರ್ ಉಳಿಯುತ್ತದೆ. ಕೊರಳೆಲುಬು, ಎದೆಮೂಳೆ ಮತ್ತು ಪಕ್ಕೆಲುಬುಗಳಿಂದ ಬೀಸಣಿಗೆಯಂತೆ ಹೊರಟು ತೋಳಿನ ಮೂಳೆಗೆ ಅಂಟುವ ಸ್ನಾಯು ಅದು. ತೋಳನ್ನು ಮೈಯತ್ತ ಎಳೆಯುವುದು, ಒಳಕ್ಕೆ ತಿರುಗಿಸುವುದು, ಮುಂದಕ್ಕೆ ಒತ್ತುವುದು ಅದರ ಕೆಲಸ. ಜೋಳದ ರೊಟ್ಟಿ ತಟ್ಟುವವರು ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು ನೋಡಲಿ, ಅಂಗೈ ಒತ್ತಿದಾಗಲೆಲ್ಲ ಅಲ್ಲಿ ಬಿಗಿಯುವುದು ಇದೇ.

ಸ್ನಾಯು ಉಳಿದರೂ ಹೆಗಲು ಬಿಗಿಯುವುದಕ್ಕೆ ಬೇರೆ ಕಾರಣಗಳಿವೆ. ಕಂಕುಳನ್ನು ಬಿಡಿಸಿ ಗ್ರಂಥಿ ತೆಗೆದಿರುತ್ತಾರೆ. ಚರ್ಮ ಕಡಿಮೆಯಾಗಿ ಹೊಲಿಗೆ ಎಳೆಯುತ್ತಿರುತ್ತದೆ, ಗಾಯದ ನೀರು ಹೊರಬರಲು ಇಟ್ಟ ಡ್ರೈನ್ ನಳಿಕೆ ಚುಚ್ಚುತ್ತಿರುತ್ತದೆ. ನೋವಿನ ಭಯಕ್ಕೆ ಹೆಂಗಸರು ಮೊಣಕೈ ಮಡಿಸಿ, ಹೆಗಲು ಮುಂದಕ್ಕೆ ಬಾಗಿಸಿ, ಸೆರಗಿನಡಿ ಕೈಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಆರು ವಾರ ಹೀಗೇ ಇದ್ದರೆ ದೊಡ್ಡ ಸ್ನಾಯುವಿನ ಅಡಿಯಲ್ಲಿರುವ ಪೆಕ್ಟೊರಾಲಿಸ್ ಮೈನರ್ ಗಿಡ್ಡವಾಗಿ ಹೆಗಲ ಹಲಗೆಯನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ. ಆಮೇಲೆ ಕೈ ಎತ್ತಿದಾಗ ಕೀಲಿನ ಮೇಲ್ಭಾಗದ ಸ್ನಾಯುರಜ್ಜುಗಳು ಮೂಳೆಗೆ ಸಿಕ್ಕಿ ಉಜ್ಜುತ್ತವೆ. ನೋವು ಕಾಣಿಸುವುದು ಹೆಗಲ ತುದಿಯಲ್ಲಿ, ಅದರ ಬೇರು ಎದೆಯಲ್ಲಿ. ಹೆಗಲಿಗೆ ಮಾತ್ರ ಬಿಸಿ ಕೊಟ್ಟು, ಮುಲಾಮು ಹಚ್ಚಿ ಕಳಿಸಿದರೆ ಇದು ವಾಸಿಯಾಗದಿರುವುದು ಇದಕ್ಕೇ.

ಇನ್ನು ಮರುನಿರ್ಮಾಣ. ಇಂಪ್ಲಾಂಟನ್ನು ಬಹುಕಾಲದಿಂದ ಪೆಕ್ಟೊರಾಲಿಸ್ ಮೇಜರಿನ ಅಡಿಯಲ್ಲಿ ಇಡುತ್ತ ಬಂದಿದ್ದಾರೆ. ತೆಳುವಾದ ಚರ್ಮದ ಕೆಳಗೆ ಸ್ನಾಯುವಿನ ಹೊದಿಕೆ ಸಿಗಲಿ ಎಂಬುದು ಉದ್ದೇಶ. ಅದಕ್ಕಾಗಿ ಸ್ನಾಯುವಿನ ಕೆಳಗಿನ ಅಂಚನ್ನು ಪಕ್ಕೆಲುಬಿನಿಂದ, ಎದೆಮೂಳೆಯ ಕೆಳಭಾಗದ ಸ್ವಲ್ಪ ಅಂಟನ್ನೂ ಸೇರಿಸಿ, ಬಿಡಿಸುತ್ತಾರೆ. ಮೊದಲು ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲ ಇಟ್ಟು, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸೂಜಿಯಿಂದ ಸಲೈನ್ ತುಂಬುತ್ತಾರೆ. ತುಂಬಿದ ಮೊದಲ ಒಂದೆರಡು ದಿನ ಎದೆಗೆ ಕಲ್ಲು ಕಟ್ಟಿದಂತಾಗಿ, ಬೆನ್ನಿನ ಮೇಲ್ಭಾಗವೂ ನೋಯುವುದು ಈ ಹಿಗ್ಗುವಿಕೆಯಿಂದಲೇ. ಕೆಳಗಿನ ಎಳೆಗಳು ಕಳಚಿದ್ದರಿಂದ ಕೊರಳೆಲುಬಿನಿಂದ ಬರುವ ಮೇಲಿನ ಎಳೆಗಳ ಮೇಲೆ ಭಾರ ಬೀಳುತ್ತದೆ. ಒತ್ತುವ, ತಬ್ಬುವ, ಬಿಗಿಯಾದ ಡಬ್ಬಿಯ ಮುಚ್ಚಳ ತಿರುಗಿಸುವ ಬಲ ತಗ್ಗುತ್ತದೆ. ಎರಡೂ ಅಂಗೈ ಜೋಡಿಸಿ ನಮಸ್ಕಾರದ ಭಂಗಿಯಲ್ಲಿ ಬಲವಾಗಿ ಒತ್ತಿದರೆ ಕೆಲವರಲ್ಲಿ ಇಂಪ್ಲಾಂಟ್ ಮೇಲಕ್ಕೂ ಹೊರಕ್ಕೂ ಜಿಗಿಯುವುದು ರವಿಕೆಯ ಮೇಲಿನಿಂದಲೇ ಕಾಣುತ್ತದೆ. ಅಪಾಯವಿಲ್ಲದಿದ್ದರೂ ಹೀಗಾಗಬಹುದು ಎಂದು ಮೊದಲೇ ಗೊತ್ತಿಲ್ಲದವರು ಹೆದರಿಹೋಗುತ್ತಾರೆ.

ಸ್ನಾಯುವಿನ ಮೇಲೆ, ಚರ್ಮದ ಅಡಿಯಲ್ಲಿ ಇಂಪ್ಲಾಂಟ್ ಇಡುವ ಕ್ರಮ ಈಗ ಮತ್ತೆ ಬಂದಿದೆ. ಅದರಲ್ಲಿ ಸ್ನಾಯುವಿಗೆ ಕತ್ತರಿ ಬೀಳುವುದಿಲ್ಲ. ಆದರೆ ಚರ್ಮದ ಪದರಕ್ಕೆ ಒಳ್ಳೆಯ ರಕ್ತಸಂಚಾರ ಬೇಕು, ಹೆಚ್ಚಾಗಿ ಆಧಾರಕ್ಕೆ ಜಾಲರಿ ಬೇಕು, ಖರ್ಚೂ ಏರುತ್ತದೆ. ಎಲ್ಲರಿಗೂ ಆಗುವಂಥದ್ದಲ್ಲ.

ಬೆನ್ನಿನ ಸ್ನಾಯುವನ್ನು ತರುವ ವಿಧಾನ ಇದಕ್ಕಿಂತ ಹಳೆಯದು, ಇಟಲಿಯ ತಾನ್ಸಿನಿ 1906ರಲ್ಲೇ ಅದನ್ನು ವಿವರಿಸಿದ್ದಾರೆ. ಲ್ಯಾಟಿಸಿಮಸ್ ಡಾರ್ಸಿ ಬೆನ್ನಿನ ಕೆಳಭಾಗ, ಸೊಂಟದ ಮೂಳೆಯ ಅಂಚಿನಿಂದ ಹೊರಟು ಕಂಕುಳ ಹಿಂದಿನಿಂದ ತೋಳಿಗೆ ಬರುವ ಅಗಲವಾದ ಸ್ನಾಯು. ಅದನ್ನು ರಕ್ತನಾಳದ ಸಮೇತ ಬಿಡಿಸಿ, ಕಂಕುಳೊಳಗಿನ ಸುರಂಗದಲ್ಲಿ ಮುಂದಕ್ಕೆ ಹಾಯಿಸಿ ಎದೆಗೆ ಹೊಲಿಯುತ್ತಾರೆ. ದಿನನಿತ್ಯದ ಹಗುರ ಕೆಲಸಕ್ಕೆ ಪಕ್ಕದ ಟೆರೀಸ್ ಮೇಜರ್ ಮುಂತಾದವು ಆಸರೆಯಾಗುವುದರಿಂದ ತಟ್ಟೆ ತೊಳೆಯುವಾಗ, ತಲೆ ಬಾಚುವಾಗ ಅದರ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಾವಿಯಿಂದ ನೀರು ಸೇದುವಾಗ, ಏಣಿ ಹತ್ತುವಾಗ, ಕುರ್ಚಿಯ ಕೈ ಊರಿ ಎದ್ದೇಳುವಾಗ. ಮೇಲಿದ್ದದ್ದನ್ನು ಕೆಳಕ್ಕೆ, ಮುಂದಿದ್ದದ್ದನ್ನು ಹಿಂದಕ್ಕೆ ಎಳೆಯುವ ಸ್ನಾಯು ಇದು. ನೀರು ಸೇದುವುದೆಂದರೆ ಬಹುಪಾಲು ಅದರದ್ದೇ ಕೆಲಸ. ಕರಾವಳಿ, ಮಲೆನಾಡಿನಲ್ಲಿ ಬಾವಿ ಇರುವ ಮನೆಯವರು, ಕೂಲಿಗೆ ಹೋಗುವವರು, ಕೋಲೂರಿ ನಡೆಯುವವರು ಈ ವಿಧಾನಕ್ಕೆ ಒಪ್ಪುವ ಮುಂಚೆ ತಮ್ಮ ಕೆಲಸ ಏನೆಂದು ಡಾಕ್ಟರಿಗೆ ಹೇಳಲೇಬೇಕು. ಬೆನ್ನಿನ ಗಾಯದಲ್ಲಿ ನೀರು ತುಂಬಿಕೊಳ್ಳುವುದೂ ಸಾಮಾನ್ಯ. ಹೀಗಾಗಿ ಅಲ್ಲಿನ ಡ್ರೈನ್ ಹೆಚ್ಚು ದಿನ ಇರುತ್ತದೆ, ವ್ಯಾಯಾಮ ಅಷ್ಟೇ ತಡವಾಗುತ್ತದೆ.

ಹೊಟ್ಟೆಯ ಚರ್ಮ, ಕೊಬ್ಬನ್ನು ಸೂಕ್ಷ್ಮ ರಕ್ತನಾಳಗಳ ಸಮೇತ ತಂದು ಜೋಡಿಸುವ ‘ಡೀಪ್ ಫ್ಲ್ಯಾಪ್’ ಹೆಗಲ ಮಟ್ಟಿಗೆ ಎಲ್ಲಕ್ಕಿಂತ ಸೌಮ್ಯ. ಹೆಗಲಿಗೆ ಸೇರಿದ ಯಾವ ಸ್ನಾಯುವನ್ನೂ ಅದರಲ್ಲಿ ಬಿಡಿಸುವುದಿಲ್ಲ. ಆದರೆ ಹಲವು ಗಂಟೆಗಳ ಮೈಕ್ರೊಸರ್ಜರಿ, ನುರಿತ ತಂಡ ಬೇಕು. ಹೊಟ್ಟೆಯ ಹೊಲಿಗೆಯಿಂದ ಕೆಲವು ದಿನ ಬಗ್ಗಿ ನಡೆಯುವುದರಿಂದ ಹೆಗಲೂ ಬಾಗುತ್ತದೆ ಎಂಬುದನ್ನು ಮರೆಯಬಾರದು.

ನೋವಿನ ವಿಷಯದಲ್ಲಿ ದೊಡ್ಡ ತಪ್ಪು ನಡೆಯುವುದು ಅದನ್ನೆಲ್ಲ ‘ಆಪರೇಷನ್ ನೋವು’ ಎಂಬ ಒಂದೇ ಚೀಲಕ್ಕೆ ತುಂಬುವುದರಲ್ಲಿ. ಡೆನ್ಮಾರ್ಕ್‌ನಲ್ಲಿ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ 3,253 ಮಹಿಳೆಯರ ಉತ್ತರಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 47ರಷ್ಟು ಮಂದಿ ಇನ್ನೂ ನೋವಿದೆ ಎಂದಿದ್ದರು. ಹಾಗಾಗಿ ‘ನಿಮಗೊಬ್ಬರಿಗೇ ಯಾಕೆ’ ಎಂದು ಯಾರೂ ಕೇಳುವಂತಿಲ್ಲ. ಕೇಳಬೇಕಾದದ್ದು ಎಂಥ ನೋವು ಎಂದು.

ತೋಳಿನ ಒಳಬದಿ, ಕಂಕುಳ ಸುತ್ತ ಮರಗಟ್ಟಿದ್ದು, ಅದರ ಮೇಲೆಯೇ ಉರಿ, ಕರೆಂಟ್ ಹೊಡೆದಂಥ ಸೆಳೆತ, ರವಿಕೆಯ ತೋಳು ತಾಕಿದರೂ ಸಹಿಸಲಾಗದು ಎಂದರೆ ಅದು ಕಂಕುಳ ಮೂಲಕ ಹಾಯುವ ಇಂಟರ್‌ಕೋಸ್ಟೋಬ್ರೇಕಿಯಲ್ ನರದ್ದು. ಗ್ರಂಥಿ ತೆಗೆಯುವಾಗ ಅದು ಕತ್ತರಿಸಿಹೋಗುವುದು ಅಥವಾ ಎಳೆತಕ್ಕೆ ಸಿಗುವುದು ಸಾಮಾನ್ಯ. ಪ್ಯಾರಾಸಿಟಮಾಲ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಡುಲೋಕ್ಸೆಟಿನ್‌ನಂಥ ನರನೋವಿನ ಔಷಧಿಗಳನ್ನು ಡಾಕ್ಟರು ಬರೆಯುತ್ತಾರೆ. ಡುಲೋಕ್ಸೆಟಿನ್ ಮಾತ್ರ ಟಮಾಕ್ಸಿಫೆನ್ ಎಂಬ ಕ್ಯಾನ್ಸರ್ ಮಾತ್ರೆ ದೇಹದಲ್ಲಿ ಸಕ್ರಿಯ ರೂಪಕ್ಕೆ ಬರುವುದಕ್ಕೆ ಅಡ್ಡಿ ಮಾಡಬಲ್ಲದು. ಆದ್ದರಿಂದ ನೋವಿಗೆಂದು ಬೇರೆ ಡಾಕ್ಟರ ಹತ್ತಿರ ಹೋದರೆ ಕ್ಯಾನ್ಸರ್ ಮಾತ್ರೆಯ ಚೀಟಿಯನ್ನೂ ತೋರಿಸಬೇಕು. ಮನೆಯಲ್ಲಿ ಹಳೆಯ ಮೆತ್ತನೆಯ ಹತ್ತಿ ಸೀರೆಯ ತುಂಡಿನಿಂದ ದಿನಕ್ಕೆರಡು ಬಾರಿ, ಮೂರು ನಾಲ್ಕು ನಿಮಿಷ ಆ ಜಾಗವನ್ನು ಹಗುರಾಗಿ ಸವರಿ, ಕೆಲವು ವಾರದ ಮೇಲೆ ಒರಟು ಟವೆಲಿಗೆ ಬದಲಿಸಿದರೆ ಚರ್ಮ ಮತ್ತೆ ಸ್ಪರ್ಶಕ್ಕೆ ಹೊಂದಿಕೊಳ್ಳುತ್ತದೆ. ಮರಗಟ್ಟಿದ ಚರ್ಮದ ಮೇಲೆ ಬಿಸಿನೀರಿನ ಚೀಲವನ್ನು ಇಡಲೇಬಾರದು. ಸುಟ್ಟದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ.

ಕೈ ಪಕ್ಕಕ್ಕೆ ಚಾಚಿದಾಗ ಕಂಕುಳಿಂದ ಮೊಣಕೈವರೆಗೆ, ಕೆಲವೊಮ್ಮೆ ಮಣಿಕಟ್ಟಿನವರೆಗೂ ಚರ್ಮದಡಿಯಲ್ಲಿ ಬಿಗಿದ ತಂತಿಯಂಥ ಗೆರೆ ಎದ್ದರೆ ಅದು ‘ಕಾರ್ಡಿಂಗ್’. ಹೆಚ್ಚಾಗಿ ಮೊದಲ ಎಂಟು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಮೊಣಕೈ ನೆಟ್ಟಗೆ ಮಾಡಲೂ ಬಿಡುವುದಿಲ್ಲ. ನರ ಹಿಡಿದಿದೆ ಎಂದು ನಾಟಿ ವೈದ್ಯರಲ್ಲಿ ಎಣ್ಣೆ ಹಾಕಿ ಬಲವಾಗಿ ನೀವಿಸಿಕೊಳ್ಳುವವರಿದ್ದಾರೆ. ಗ್ರಂಥಿ ತೆಗೆದ ಕೈಗೆ ಆ ನೀವುವಿಕೆ ಒಳ್ಳೆಯದಲ್ಲ. ಮೆಲ್ಲಗೆ ಚಾಚುವ ವ್ಯಾಯಾಮಕ್ಕೆ ಬಹುತೇಕರಲ್ಲಿ ಕೆಲವು ತಿಂಗಳಲ್ಲಿ ಅದು ಸಡಿಲಾಗುತ್ತದೆ.

ಗೋಡೆಗೆ ಎರಡೂ ಅಂಗೈ ಊರಿ ತಳ್ಳಿದಾಗ ಒಂದು ಬದಿಯ ಹೆಗಲ ಹಲಗೆ ರೆಕ್ಕೆಯಂತೆ ಹೊರಚಾಚಿದರೆ ಲಾಂಗ್ ಥೊರಾಸಿಕ್ ನರಕ್ಕೆ ಪೆಟ್ಟಾಗಿರಬಹುದು. ಹೆಗಲ ಹಲಗೆಯನ್ನು ಪಕ್ಕೆಲುಬಿಗೆ ಹಿಡಿದಿಡುವ ಸೆರೇಟಸ್ ಸ್ನಾಯುವನ್ನು ನಡೆಸುವುದು ಅದೇ ನರ. ಎಳೆತದಿಂದ ಆದದ್ದಾದರೆ ತಿಂಗಳುಗಳಲ್ಲಿ ಚೇತರಿಸುತ್ತದೆ. ಆದರೆ ಇದನ್ನು ಗುರುತಿಸದೆ ಕೈ ಎತ್ತು ಎತ್ತು ಎಂದು ಒತ್ತಾಯಿಸಿದರೆ ಕೀಲಿಗೇ ಹೊಡೆತ. ಇನ್ನು ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಲು ಬಾರದಿದ್ದರೆ, ಇನ್ನೊಬ್ಬರು ತಿರುಗಿಸಿದರೂ ಅಲ್ಲೇ ನಿಂತರೆ ಕೀಲಿನ ಚೀಲವೇ ಬಿಗಿದಿದೆ, ಅಂದರೆ ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರಲ್ಲಿ ಹಲವರಿಗೆ ಎರಡೂ ಬದಿಯ ಬೆರಳು, ಮೊಣಕಾಲು, ಹೆಗಲು ಬೆಳಿಗ್ಗೆ ಹೊತ್ತು ಬಿಗಿಯುತ್ತವೆ. ಅದು ಮಾತ್ರೆಯ ಪರಿಣಾಮ. ಹಾಗೆಂದು ತಾವಾಗಿ ಮಾತ್ರೆ ನಿಲ್ಲಿಸುವಂತಿಲ್ಲ.

ಕೈ ಅಲ್ಲಾಡಿಸದೆ ಸುಮ್ಮನೆ ಮಲಗಿದ್ದರೂ ರಾತ್ರಿಯೆಲ್ಲ ಕೊರೆಯುವ ಹೊಸ ನೋವು, ದಿನದಿಂದ ದಿನಕ್ಕೆ ಬೆರಳುಗಳ ಬಲ ಕುಗ್ಗುವುದು, ಕೈ ಕೆಂಪಾಗಿ ಬಿಸಿಯೇರಿ ಜ್ವರ ಬರುವುದು, ಒಂದೆರಡು ದಿನದಲ್ಲೇ ಇಡೀ ಕೈ ಊದುವುದು. ಇವಕ್ಕೆ ವ್ಯಾಯಾಮ ಮದ್ದಲ್ಲ. ಅಂದೇ ಡಾಕ್ಟರಿಗೆ ತೋರಿಸಬೇಕು.

ವ್ಯಾಯಾಮ ಶುರುವಾಗಬೇಕಾದದ್ದು ಆಪರೇಷನ್ನಿನ ಮುಂಚೆ. ಎರಡೂ ಕೈ ಎಷ್ಟು ಮೇಲೇಳುತ್ತವೆ, ಹೊರಕ್ಕೆ ಎಷ್ಟು ತಿರುಗುತ್ತವೆ ಎಂದು ಗೋನಿಯೋಮೀಟರ್ ಎಂಬ ಕೋನಮಾಪಕದಲ್ಲಿ ಅಳೆದು ಬರೆದಿಡಲು ಹತ್ತು ನಿಮಿಷ ಸಾಕು. ಅದಿಲ್ಲದಿದ್ದರೆ ಆಮೇಲೆ 140 ಡಿಗ್ರಿ ಎಂದರೆ ಗೆಲುವೋ ಸೋಲೋ ಯಾರಿಗೂ ತಿಳಿಯದು. ಅರವತ್ತು ದಾಟಿದ ಎಷ್ಟೋ ಹೆಗಲುಗಳು ಮೊದಲೇ 150ಕ್ಕೆ ನಿಂತಿರುತ್ತವೆ.

ಆಪರೇಷನ್ನಿನ ಮಾರನೆಯ ದಿನದಿಂದಲೇ ಮುಷ್ಟಿ ಕಟ್ಟಿ ಬಿಡುವುದು 15ರಿಂದ 25 ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಮೊಣಕೈ ಮಡಿಸಿ ಬಿಡಿಸುವುದು, ಹೆಗಲನ್ನು ಹಿಂದಕ್ಕೆ ಸುತ್ತಿಸುವುದು, ಆಳವಾಗಿ ಉಸಿರಾಡುವುದು. ಡ್ರೈನ್ ಇರುವವರೆಗೆ ಕೈ ಹೆಗಲ ಮಟ್ಟ ದಾಟುವುದು ಬೇಡ. ಬೇಗ ಎತ್ತಿದರೆ ಗಾಯದೊಳಗೆ ನೀರು ಕೂಡುವುದು ಹೆಚ್ಚುತ್ತದೆ. ಸಾಮಾನ್ಯವಾಗಿ 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ ಬರುವುದು ಎರಡು ದಿನ ನಿಂತರೆ ಡ್ರೈನ್ ತೆಗೆಯುತ್ತಾರೆ. ಆಮೇಲೆ ಮರುನಿರ್ಮಾಣ ಇಲ್ಲದವರು ಗೋಡೆ ಹತ್ತುವ ವ್ಯಾಯಾಮಕ್ಕೆ ಇಳಿಯಬಹುದು. ಇದನ್ನು ತಪ್ಪಾಗಿ ಮಾಡುವವರೇ ಹೆಚ್ಚು. ಗೋಡೆಗೆ ಮುಖ ಮಾಡಿ, ಒಂದು ಗೇಣು ದೂರದಲ್ಲಿ ನಿಂತು, ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ನಡೆಸಬೇಕು. ಎಳೆತ ಸಿಕ್ಕಲ್ಲಿ ನಿಂತು ನಿಧಾನಕ್ಕೆ ಹತ್ತು ಎಣಿಸಿ, ಬೆರಳಿನಿಂದಲೇ ಇಳಿಯಬೇಕು. ಹಾಗೆ 5ರಿಂದ 7 ಸಲ, ದಿನಕ್ಕೆ ಮೂರು ಹೊತ್ತು. ಬೆರಳು ತಲುಪಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಇನ್ನೊಂದು ಕೈಯ ಗೆರೆಯನ್ನೂ ಹಾಕಿ. ಮೋಸ ನಡೆಯುವುದು ಎರಡು ಕಡೆ: ಹೆಗಲನ್ನು ಕಿವಿಯತ್ತ ಎತ್ತಿಬಿಡುವುದು, ಮತ್ತೆ ಸೊಂಟ ಬಾಗಿಸಿ ಮೈಯನ್ನೇ ವಾಲಿಸುವುದು. ಗೆರೆ ಮೇಲೇರುತ್ತದೆ, ಕೀಲು ಇದ್ದಲ್ಲೇ ಇರುತ್ತದೆ. ಮೊದಮೊದಲು ಮನೆಯವರೊಬ್ಬರು ಹೆಗಲ ಮೇಲೆ ಹಗುರಾಗಿ ಕೈಯಿಟ್ಟು ನಿಂತರೆ ಈ ಚಟ ತಪ್ಪುತ್ತದೆ. ಬೆನ್ನ ಮೇಲೆ ಮಲಗಿ, ಮೂರಡಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಒಯ್ಯುವುದು ಇನ್ನೂ ಸುಲಭ. ನೆಲಕ್ಕೆ ಒರಗಿದ ಮೈ ವಾಲುವುದಿಲ್ಲ, ಚೆನ್ನಾಗಿರುವ ಕೈ ಇನ್ನೊಂದನ್ನು ಎತ್ತುತ್ತದೆ.

ಎಳೆತ ಇರಬೇಕು, ಹರಿದಂಥ ನೋವು ಇರಬಾರದು. ವ್ಯಾಯಾಮ ಮುಗಿದು ಒಂದು ಗಂಟೆ ಕಳೆದರೂ ನೋವು ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತು ಎಂದರ್ಥ. ಮರುದಿನ ಅರ್ಧ ಮಾಡಿ, ನಿಲ್ಲಿಸಬೇಡಿ.

ಸ್ನಾಯುವಿನಡಿ ಎಕ್ಸ್‌ಪ್ಯಾಂಡರ್ ಅಥವಾ ಇಂಪ್ಲಾಂಟ್ ಇಟ್ಟವರಿಗೆ, ಬೆನ್ನಿನ ಸ್ನಾಯು ತಂದವರಿಗೆ ಈ ವೇಳಾಪಟ್ಟಿ ಹಾಗೇ ಹೊಂದುವುದಿಲ್ಲ. ಕೈ ಹೆಗಲ ಮಟ್ಟ ದಾಟುವುದನ್ನು ಅವರಲ್ಲಿ ಎರಡರಿಂದ ನಾಲ್ಕು ವಾರ ತಡೆಯುವುದುಂಟು, ಭಾರ ಎತ್ತುವುದನ್ನು ಆರು ವಾರ. ನಿಖರ ದಿನ ಹೇಳಬೇಕಾದವರು ಆಪರೇಷನ್ ಮಾಡಿದ ಡಾಕ್ಟರು, ಏಕೆಂದರೆ ಎಲ್ಲಿ ಕತ್ತರಿಸಿ ಎಲ್ಲಿ ಹೊಲಿದಿದ್ದಾರೆ ಎಂದು ಗೊತ್ತಿರುವುದು ಅವರಿಗೇ. ಹತ್ತು ಲೀಟರ್ ಕೊಡ ಎಂದರೆ ಕೊಡದ ತೂಕ ಬಿಟ್ಟೇ ಹತ್ತು ಕೆ.ಜಿ. ‘ಭಾರ ಎತ್ತಬೇಡಿ’ ಎಂದರೆ ನಮ್ಮ ಹೆಂಗಸರು ಸಿಲಿಂಡರ್ ಎತ್ತುವುದಿಲ್ಲ, ಕೊಡ ಎತ್ತುತ್ತಾರೆ. ಅದು ಅವರ ಲೆಕ್ಕದಲ್ಲಿ ಭಾರವೇ ಅಲ್ಲ. ಕೆ.ಜಿ. ಲೆಕ್ಕದಲ್ಲೇ ಹೇಳಿ, ಕೊಡ, ಹಸುಗೂಸು, ಕುಕ್ಕರ್ ಎಂದು ಹೆಸರು ಹಿಡಿದೇ ಹೇಳಿ.

ರೇಡಿಯೇಷನ್, ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’, ಇರುವವರಿಗೆ ಕೈ ಏಳುವುದು ಅನುಕೂಲದ ಮಾತಷ್ಟೇ ಅಲ್ಲ. ಮೇಜಿನ ಮೇಲೆ ತೋಳನ್ನು ತಲೆಯತ್ತ ಎತ್ತಿಟ್ಟು, ಅಲುಗಾಡದೆ ಮಲಗಬೇಕು. ಆಗದಿದ್ದರೆ ಚಿಕಿತ್ಸೆಯ ಪ್ಲಾನಿಂಗೇ ಮುಂದಕ್ಕೆ ಹೋಗುತ್ತದೆ. ಕರೆಂಟ್ ಮುಗಿದ ಮೇಲೆ ಹಲವು ತಿಂಗಳು, ಒಮ್ಮೊಮ್ಮೆ ವರ್ಷ ಕಳೆದ ಮೇಲೂ ಎದೆಯ ಸ್ನಾಯು ಗಟ್ಟಿಯಾಗುತ್ತ ಹೋಗುತ್ತದೆ. ಇಂಪ್ಲಾಂಟ್ ಇದ್ದರೆ ಸುತ್ತಲಿನ ಪೊರೆ ಬಿಗಿಯುವುದೂ ಹೆಚ್ಚು. ಹಾಗಾಗಿ ಕೈ ಪೂರ್ತಿ ಬಂತೆಂದು ಎರಡನೇ ತಿಂಗಳಿಗೇ ವ್ಯಾಯಾಮ ಬಿಟ್ಟವರು ಹತ್ತನೇ ತಿಂಗಳಿಗೆ ವಾಪಸು ಬರುತ್ತಾರೆ.

ಬಲ ತುಂಬುವ ಹಂತವನ್ನು ನಮ್ಮಲ್ಲಿ ಹೆಚ್ಚಿನವರು ತಲುಪುವುದೇ ಇಲ್ಲ. ಗ್ರಂಥಿ ತೆಗೆದ ಕೈ ಊದಿಕೊಳ್ಳುತ್ತದೆ ಎಂಬ ಭಯ. ಅಮೆರಿಕದಲ್ಲಿ ಈಗಾಗಲೇ ಕೈಯಲ್ಲಿ ಅಂಥ ಬಾವು ಇದ್ದ 141 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆರಡು ಬಾರಿ, ಮೇಲ್ವಿಚಾರಣೆಯಲ್ಲಿ ಆರಂಭಿಸಿ ನಿಧಾನಕ್ಕೆ ಏರಿಸಿದ ತೂಕದ ವ್ಯಾಯಾಮ ಬಾವನ್ನು ಹೆಚ್ಚಿಸಲಿಲ್ಲ. ‘ನಿಧಾನಕ್ಕೆ’ ಎನ್ನುವುದೇ ಇಲ್ಲಿ ಮುಖ್ಯ. ಡಾಕ್ಟರು ಒಪ್ಪಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ, ಅಂದರೆ ಅರ್ಧ ಕೆ.ಜಿ., ಹಿಡಿದು ಶುರು ಮಾಡಿ, ಹತ್ತು ಸಲ ಸಲೀಸಾದ ಮೇಲೆ ಮಾತ್ರ ಏರಿಸಬೇಕು. ಬೆನ್ನಿನ ಸ್ನಾಯು ಕೊಟ್ಟವರು ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದನ್ನೂ, ಸ್ನಾಯುವಿನಡಿ ಇಂಪ್ಲಾಂಟ್ ಇರುವವರು ಹೆಗಲ ಹಲಗೆಗಳನ್ನು ಹಿಂದೆ ಕೂಡಿಸಿ ಐದು ಎಣಿಸುವುದನ್ನೂ ಬಿಡಬಾರದು. ಎದೆಯ ಒತ್ತುವ ವ್ಯಾಯಾಮ, ಸೂರ್ಯನಮಸ್ಕಾರದಲ್ಲಿ ಮೈಭಾರ ಕೈಮೇಲೆ ಬರುವ ಭಂಗಿಗಳು ಕೊನೆಗೆ.

ಬ್ರಿಟನ್ನಿನ 17 ಕೇಂದ್ರಗಳಲ್ಲಿ 392 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಪ್ರಾಸ್ಪರ್’ ಪ್ರಯೋಗದಲ್ಲಿ, ಆಪರೇಷನ್ನಿನ 7ರಿಂದ 10 ದಿನಕ್ಕೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದ ವ್ಯಾಯಾಮ ಶುರು ಮಾಡಿದವರ ಕೈ, ಬರೀ ಕರಪತ್ರ ಪಡೆದವರಿಗಿಂತ ವರ್ಷದ ಕೊನೆಗೆ ಚೆನ್ನಾಗಿತ್ತು. ಆದರೆ ಅವರೆಲ್ಲ ಮರುನಿರ್ಮಾಣ ಮಾಡಿಸಿಕೊಳ್ಳದವರು. ಇದನ್ನು ತೋರಿಸಿ ಇಂಪ್ಲಾಂಟ್ ಇರುವವರನ್ನೂ ಏಳನೇ ದಿನಕ್ಕೆ ಗೋಡೆ ಹತ್ತಿಸುವುದು ತಪ್ಪು.

ನಮ್ಮಲ್ಲಿ ಬೀದರ್, ರಾಯಚೂರು ಕಡೆಯಿಂದ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಬಂದವರು ವಾರವಾರವೂ ವ್ಯಾಯಾಮಕ್ಕೆ ಬರಲು ಸಾಧ್ಯವಿಲ್ಲ, ಬೀದರ್ ಒಂದೇ ಸುಮಾರು 700 ಕಿ.ಮೀ. ಅವರ ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದೆ. ಆದರೆ ಅಲ್ಲಿನವರ ಕೈಗೆ ಸಿಗುವ ಡಿಸ್ಚಾರ್ಜ್ ಕಾರ್ಡಿನಲ್ಲಿ ಹೆಚ್ಚಾಗಿ ಇರುವುದು ‘ಕೈ ವ್ಯಾಯಾಮ ಮಾಡಿ’ ಎಂಬ ಒಂದು ಸಾಲು. ಯಾವ ಸ್ನಾಯು ಬಿಡಿಸಿದ್ದಾರೆ ಎಂದು ಗೊತ್ತಿಲ್ಲದೆ ಅವರೂ ಕೈಹಾಕಲು ಅಂಜುತ್ತಾರೆ. ಆಸ್ಪತ್ರೆ ಯಾವುದೇ ಇರಲಿ, ಎಲ್ಲ ಕ್ಯಾನ್ಸರ್ ಶಸ್ತ್ರಚಿಕಿತ್ಸಕರಲ್ಲಿ ನಮ್ಮ ಕೋರಿಕೆ ಇಷ್ಟೇ, ಆ ಕಾರ್ಡಿನಲ್ಲಿ ಇನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಯಾವ ಸ್ನಾಯುವನ್ನು ಎಲ್ಲಿ ಬಿಡಿಸಿದ್ದೇವೆ. ಯಾವ ತಾರೀಕಿನವರೆಗೆ ಕೈ ಹೆಗಲ ಮಟ್ಟ ದಾಟಬಾರದು. ಯಾವ ತಾರೀಕಿನವರೆಗೆ ಎಷ್ಟು ಕೆ.ಜಿ. ಮಿತಿ. ಆಪರೇಷನ್ನಿನ ಮುಂಚೆ ಎರಡೂ ಕೈ ಎಷ್ಟು ಡಿಗ್ರಿ ಏಳುತ್ತಿದ್ದವು.

— ಕ್ಯಾನ್ಸರ್ ರೋಗಿಗಳ ಪುನಶ್ಚೇತನದಲ್ಲಿ ತೊಡಗಿರುವ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು, ಬೆಂಗಳೂರು